ಬರಿಗಾಲಲ್ಲಿ ಸಮ

ವಾದ್ಯಕ್ಕೆ ಕಾಲು ತಾಕಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವನು ನಾನು. ಅತ್ತೆಯ ತಂಬೂರಿ ಮಲಗಿದ್ದ ಮೂಲೆಯನ್ನು ಮಕ್ಕಳೆಲ್ಲ ಸುತ್ತು ಹಾಕಿಕೊಂಡು ದಾಟುತ್ತಿದ್ದೆವು. ಅಂಥವನು ನಲವತ್ತು ದಾಟಿದ ಮೇಲೆ, ತುಳಿಯಲೆಂದೇ ಮಾಡಿದ ಒಂದು ವಾದ್ಯವನ್ನು ದುಡ್ಡು ಕೊಟ್ಟು ಮನೆಗೆ ತಂದೆ.

ಅದರ ಹೆಸರು ಲೂಪ್ ಪೆಡಲ್. ಸಾಬೂನಿನ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಮೇಲೊಂದು ಉಕ್ಕಿನ ಗುಂಡಿ. ಒಂದು ಸಲ ತುಳಿದರೆ ನಾವು ನುಡಿಸುವುದನ್ನು ಕೇಳಿಸಿಕೊಳ್ಳುತ್ತದೆ. ಇನ್ನೊಮ್ಮೆ ತುಳಿದರೆ ಕೇಳಿಸಿಕೊಂಡದ್ದನ್ನೇ ಹೇಳುತ್ತ ಕೂರುತ್ತದೆ, ಸಾಕು ಮಾರಾಯ ಅನ್ನುವವರೆಗೆ. ಮೂರನೆಯ ಸಲ ತುಳಿದರೆ ಮೊದಲಿನದರ ಮೇಲೆ ಇನ್ನೊಂದು ಪದರ. ಇಷ್ಟೇ. ಧಾರವಾಡದ ಕಡೆ ತಬಲಾ ಸೋಲೋ ಕೇಳಿದವರಿಗೆ ಇದು ಹೊಸದಲ್ಲ. ಹಾರ್ಮೋನಿಯಂನವರು ಒಂದೇ ಸಾಲಿನ ಲೆಹರಾವನ್ನು ಮುಖ ಸಿಂಡರಿಸದೆ ಮುಕ್ಕಾಲು ಗಂಟೆ ನುಡಿಸುತ್ತಾರಲ್ಲ, ಅದೇ ಕೆಲಸ. ಆದರೆ ಲೆಹರಾ ನುಡಿಸುವವರು ಆಗಾಗ ತಬಲಾದವರ ಮುಖ ನೋಡುತ್ತಾರೆ. ಪೆಡಲ್ ಯಾರ ಮುಖವನ್ನೂ ನೋಡುವುದಿಲ್ಲ.

ನನಗೆ ಇದು ಬೇಕಾದದ್ದು ಒಂಟಿತನಕ್ಕೆ. ಬೇಸ್ ಗಿಟಾರ್ ಒಬ್ಬನೇ ಕೂತು ನುಡಿಸುವ ವಾದ್ಯವಲ್ಲ. ನಾಲ್ಕೇ ತಂತಿ, ಅದರಲ್ಲಿ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಗೋಡೆಯಾಚೆ ಕೇಳುವವರಿಗೆ ನಾನು ಬೀರು ಸರಿಸುತ್ತಿದ್ದೇನೆ ಅನ್ನಿಸುತ್ತದೆ. 1983ರ ‘ಪಲ್ಲವಿ ಅನುಪಲ್ಲವಿ’ಯ ಹಾಡುಗಳನ್ನು ರೇಡಿಯೋದಲ್ಲಿ ಕೇಳುವಾಗ, ಹಾಡುವವರ ಕಾಲ ಬುಡದಲ್ಲಿ ಇನ್ನೊಬ್ಬ ಯಾರೋ ಮೆಲ್ಲಗೆ ಹಾಡುತ್ತಿದ್ದಾನೆ ಅನ್ನಿಸುತ್ತಿತ್ತು. ಇಳಯರಾಜರ ಆ ಕೆಳದನಿಗೆ ಮರುಳಾಗಿಯೇ ನಾನು ಈ ವಾದ್ಯ ಹಿಡಿದದ್ದು. ಮೇಲೆ ಹಾಡುವವರಿಲ್ಲದೆ ಕೆಳದನಿಯೊಂದನ್ನೇ ಇಟ್ಟುಕೊಂಡರೆ ಅನ್ನವಿಲ್ಲದ ಹುಳಿ ಎಂಬುದು ಆಮೇಲೆ ತಿಳಿಯಿತು. ಕಾಲೇಜಿನ ತಂಡದಲ್ಲಿ ಡ್ರಮ್ಸಿನವನು ಅಮೆರಿಕಕ್ಕೆ ಹೋದ, ಹಾಡುವವನು ಸೈಟು ಮಾರುವ ಕಸುಬಿಗೆ ಹೋದ. ಹುಳಿ ಉಳಿಯಿತು.

ಅಂಗಡಿಯಲ್ಲಿ ಮೊದಲು ಹೇಳುವುದು ನಿಮಿಷಗಳ ಲೆಕ್ಕ. ಟಿಸಿ ಎಲೆಕ್ಟ್ರಾನಿಕ್‌ನವರ ಡಿಟ್ಟೋದಲ್ಲಿ 5 ನಿಮಿಷ ಹಿಡಿಯುತ್ತದೆ, ಬಾಸ್ ಕಂಪನಿಯ ಆರ್‌ಸಿ-1ರಲ್ಲಿ 12 ನಿಮಿಷ, ಇನ್ನೂ ಮೇಲಿನವುಗಳಲ್ಲಿ ಗಂಟೆಗಟ್ಟಲೆ. ನನಗೂ ಮೊದಲು ಆಸೆಯಾಯಿತು, ದೊಡ್ಡ ಪಾತ್ರೆ ಕಂಡಾಗ ಆಗುವಂತೆ. ಆಮೇಲೆ ಬೆರಳು ಮಡಚಿ ಎಣಿಸಿದೆ. ನಿಮಿಷಕ್ಕೆ 90 ಪೆಟ್ಟಿನ ನಡೆಯಲ್ಲಿ ಆದಿತಾಳದ ಎರಡು ಆವರ್ತ, ಅಂದರೆ 16 ಪೆಟ್ಟು, ಹನ್ನೊಂದು ಸೆಕೆಂಡೂ ಆಗುವುದಿಲ್ಲ. ನನ್ನ ತಲೆಯಲ್ಲಿರುವ ಸರಕೆಲ್ಲ ಅಷ್ಟರಲ್ಲೇ ಮುಗಿಯುತ್ತದೆ. ಗಂಟೆಗಟ್ಟಲೆ ಜಾಗವನ್ನು ಏನು ತುಂಬಿಸಿ ಬಾಡಿಗೆಗೆ ಕೊಡಲಿ?

ಕೇಳಬೇಕಾದದ್ದನ್ನು ಮಾತ್ರ ಕೇಳದೆ ಬಂದೆ: ನಿಲ್ಲಿಸುವುದು ಹೇಗೆ? ನಾನು ತಂದದ್ದು ಒಂದೇ ಗುಂಡಿಯದು. ಅದನ್ನು ನಿಲ್ಲಿಸಲು ಪಟಪಟ ಎರಡು ಸಲ ತುಳಿಯಬೇಕು. ಮೊದಲ ತುಳಿತಕ್ಕೆ ಪದರ ಸೇರಿಸಲು ಸಿದ್ಧವಾಗಿ, ಎರಡನೆಯದಕ್ಕೆ ‘ಓ, ನಿಲ್ಲಬೇಕೇ’ ಎಂದು ನಿಲ್ಲುತ್ತದೆ. ಅಷ್ಟರಲ್ಲಿ ಮುಕ್ತಾಯದ ಪೆಟ್ಟು ಬಿದ್ದು, ಅದರ ಬಾಲವೂ ಒಂದಿಷ್ಟು ಹೊರಗೆ ಬಂದಿರುತ್ತದೆ. ಗಿಟಾರಿನವರು ಝಲ್ ಎಂದು ಎಳೆದು ಅದನ್ನು ಮುಚ್ಚಿಹಾಕುತ್ತಾರೆ. ಬೇಸಿನವನ ಮರ್ಯಾದೆ ಇರುವುದೇ ಎಲ್ಲಿ ನಿಲ್ಲುತ್ತಾನೆ ಎಂಬುದರಲ್ಲಿ. ಕೊನೆಗೆ ಡಬ್ಬಿಯ ಪಕ್ಕದ ತೂತಿಗೆ ಸಿಕ್ಕಿಸುವ ಇನ್ನೊಂದು ಗುಂಡಿಯನ್ನು, ಬರೀ ನಿಲ್ಲಿಸುವುದಕ್ಕೆಂದೇ, ಮತ್ತೆ ದುಡ್ಡು ಕೊಟ್ಟು ತಂದೆ. ಯಾರಾದರೂ ಕೇಳಿದರೆ ಈಗಲೂ ಅದನ್ನೇ ಹೇಳುತ್ತೇನೆ: ನಿಮಿಷ ನೋಡಬೇಡಿ, ನಿಲ್ಲಿಸುವ ಗುಂಡಿ ನೋಡಿ.

ತಂದ ಮೊದಲ ರಾತ್ರಿ ಐದು ಪದರ ಹಾಕಿದೆ. ಕೇಳಿದರೆ ರಾಗಿ ಗಂಜಿ. ಐದೂ ದಪ್ಪ ತಂತಿಯ ಸದ್ದು, ಒಂದರ ಮೇಲೊಂದು ಕೂತು ಯಾವುದು ಯಾವುದೋ ತಿಳಿಯದಂತೆ ಗುಡುಗುಟ್ಟುತ್ತಿತ್ತು. ಜೊತೆಗೆ ಫ್ಯಾನಿನ ರೆಗ್ಯುಲೇಟರಿನ ಗುಂಯ್‌ಗುಡುವಿಕೆಯನ್ನು ನನ್ನ ಗಿಟಾರಿನ ಪಿಕಪ್ ಹಿಡಿದುಕೊಂಡಿತ್ತು. ಒಂದು ಪದರದಲ್ಲಿ ಸೊಳ್ಳೆಯಷ್ಟಿದ್ದದ್ದು ಐದಾಗುವ ಹೊತ್ತಿಗೆ ಜೇನುಗೂಡಾಗಿತ್ತು. ಈಗ ಏಪ್ರಿಲ್ ತಿಂಗಳಲ್ಲೂ ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತ ನುಡಿಸುತ್ತೇನೆ. ತಳಕ್ಕೆ ದಪ್ಪ ತಂತಿಯಲ್ಲಿ ನಾಲ್ಕೇ ಸ್ವರ, ನಡುನಡುವೆ ಜಾಗ ಬಿಟ್ಟು. ಆಮೇಲೆ ಎಡಗೈಯಿಂದ ತಂತಿಗಳ ಬಾಯಿ ಮುಚ್ಚಿ ಬಲಗೈಯಲ್ಲಿ ತಟ್ಟಿದರೆ ಟಕ್ ಟಕ್ ಎಂದು ಡ್ರಮ್ಸಿನವನು ಅಮೆರಿಕದಿಂದ ಬಂದಂತಾಗುತ್ತದೆ. ಹನ್ನೆರಡನೆಯ ಫ್ರೆಟ್ಟಿನ ಆಚೆ ಸಣ್ಣ ತಂತಿಯಲ್ಲಿ ಹಾಡುವವನ ಪಾಲು.

ಈ ಹುಚ್ಚು ನನ್ನದೊಬ್ಬನದಲ್ಲ. ರಾಬರ್ಟ್ ಫ್ರಿಪ್ ಮತ್ತು ಬ್ರಯನ್ ಈನೋ 1973ರಲ್ಲಿ ಹೊರತಂದ ಆಲ್ಬಮ್ಮಿಗೆ ಎರಡು ಟೇಪ್ ರೆಕಾರ್ಡರ್‌ಗಳನ್ನು ಪಕ್ಕಪಕ್ಕ ಇಟ್ಟುಕೊಂಡಿದ್ದರು. ಒಂದರಿಂದ ಹೊರಟ ಟೇಪು ಇನ್ನೊಂದನ್ನು ತಲುಪುವಷ್ಟು ಹೊತ್ತಿಗೆ, ನುಡಿಸಿದ್ದು ತಿರುಗಿ ಬರುತ್ತಿತ್ತು. ಬೇಸಿನವರ ಪಾಲಿಗೆ ದೊಡ್ಡವನು ಜಾಕೊ ಪಾಸ್ಟೋರಿಯಸ್. ವೆದರ್ ರಿಪೋರ್ಟ್ ತಂಡದ 1979ರ ‘8:30’ ಆಲ್ಬಮ್ಮಿನಲ್ಲಿ ‘ಸ್ಲ್ಯಾಂಗ್’ ಎಂಬುದೊಂದಿದೆ. ಡಿಲೇ ಯಂತ್ರದಲ್ಲಿ ಒಂದು ತುಣುಕನ್ನು ಸುತ್ತಲು ಬಿಟ್ಟು, ಅದರ ಮೇಲೆ ತಾನೇ ಸವಾರಿ ಮಾಡುತ್ತಾನೆ. ಅವನು ತನ್ನ ಜೊತೆ ತಾನೇ ಜಗಳಕ್ಕೆ ಬಿದ್ದವನಂತೆ ಕೇಳುತ್ತದೆ. ನಾನು ನುಡಿಸಿದರೆ ನನ್ನ ಕ್ಷಮೆ ನಾನೇ ಕೇಳುತ್ತಿರುವಂತೆ ಕೇಳುತ್ತದೆ.

ಯಾಕೆಂದರೆ ಎಲ್ಲ ಕೆಡುವುದು ಕಾಲಿನಲ್ಲಿ. ಹದಿನಾರನೆಯ ಪೆಟ್ಟು ನುಡಿಸಿದೆ, ಮುಗಿಯಿತು ಎಂದು ತುಳಿದರೆ ಆವರ್ತ ಒಂದು ಚೂರು ಗಿಡ್ಡವಾಗುತ್ತದೆ. ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಕೊನೆಯದೊಂದು ಇಲ್ಲದೆ ಮುಗ್ಗರಿಸಿದ ಹಾಗೆ, ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ಅದೇ ಮುಗ್ಗರಿಕೆ. ತುಳಿಯಬೇಕಾದದ್ದು ಮುಗಿದಲ್ಲಿ ಅಲ್ಲ, ಮತ್ತೆ ಮೊದಲಾಗುವಲ್ಲಿ, ಸಮದ ಮೇಲೆ. ವಿದೇಶದವರು ಬೂಟು ಹಾಕಿ ತುಳಿಯುತ್ತಾರೆ. ನಮ್ಮದು ಬರಿಗಾಲು. ಹೆಬ್ಬೆರಳಿನ ಗಿಣ್ಣು ಉಕ್ಕಿಗೆ ಸಿಕ್ಕಿ ನೋಯುತ್ತದೆ, ನೋವಿಗೆ ಹೆದರಿ ಕಾಲು ತಡವಾಗುತ್ತದೆ. ತಿಂಗಳೊಪ್ಪತ್ತಿನಲ್ಲಿ ಬೆರಳ ಬುಡದಲ್ಲಿ ಒಂದು ಆಣಿ ಎದ್ದಿತು. ಎಡಗೈ ಬೆರಳ ತುದಿಯ ಆಣಿಗಳಿಗೆ ಅದು ದೂರದ ನೆಂಟ.

ಕಳೆದ ಬೇಸಿಗೆಯಲ್ಲಿ ಮೈಸೂರಿನಿಂದ ಅತ್ತೆ ಬಂದರು. ಎಂಬತ್ತರ ಹತ್ತಿರ, ಮಂಡಿ ನೋವು, ಕಿವಿ ಮಾತ್ರ ಚುರುಕು. ನಾನು ತುಳಿದದ್ದು ನೋಡಿ, “ಏನೋ ಅದು, ವಾದ್ಯಾನ ಕಾಲಲ್ಲಿ ಒದೀತೀಯಲ್ಲೋ!” ಅಂದರು. ಕಂಪನಿ ನಾಟಕದಲ್ಲಿ ಕಾಲು ಹಾರ್ಮೋನಿಯಂ ಇರಲಿಲ್ಲವೇ ಎಂದು ನಾನು ವಾದ ಹೂಡಿದೆ.

“ಅದಕ್ಕೆ ಕಾಲಲ್ಲಿ ಉಸಿರು ಕೊಡ್ತಿದ್ರು ಕಣೋ. ನೀನು ತುಳೀತಿದೀಯ.”

ಉತ್ತರ ಹೊಳೆಯದೆ ಲೂಪು ಸುತ್ತಲು ಬಿಟ್ಟೆ. ಅವರ ಕೈ ತಾನಾಗಿ ತೊಡೆಯ ಮೇಲೆ ಹೋಗಿ ತಾಳ ಹಾಕತೊಡಗಿತು. ಮೂರನೆಯ ಆವರ್ತಕ್ಕೆ ಹುಬ್ಬು ಗಂಟಿಕ್ಕಿತು. “ಒಂದು ಚೂರು ಓಡತ್ತೆ. ಇನ್ನೊಂದ್ಸಲ ನುಡಿಸು. ಒತ್ತೋದು ನನಗೆ ಬಿಡು.”

“ಬರೀ ಹೆಬ್ಬೆರಳು ಸಾಕು ಅತ್ತೆ, ಬಗ್ಗಬೇಡಿ.”

ಕೇಳಲಿಲ್ಲ. ಕುರ್ಚಿಯ ಕೈ ಹಿಡಿದು ನೆಲಕ್ಕೆ ಇಳಿದರು, ಕಾಲು ಚಾಚಿ ಕೂತರು, ಡಬ್ಬಿಯನ್ನು ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ನಾಲ್ಕು ಸ್ವರಗಳ ನನ್ನ ಸಾಲನ್ನು ನುಡಿಸಿದೆ. ಅವರ ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಲೇ ಇತ್ತು. ಎರಡು ಆವರ್ತ ತುಂಬಿ ಮತ್ತೆ ಮೊದಲಾಗುವಲ್ಲಿ ಬಲಗೈಯ ಉಂಗುರದ ಬೆರಳಿನಿಂದ, ಕುಂಕುಮ ಇಡುವ ಹಾಗೆ, ಒತ್ತಿದರು.