ಎ ಇಂದ ಡಿ ಪ್ಲಸ್‌ವರೆಗೆ

ಮಹಾರಾಷ್ಟ್ರದ ಕೈಗಾರಿಕಾ ಇಲಾಖೆಯ ಲೆಕ್ಕದಲ್ಲಿ ತಾಲೂಕುಗಳಿಗೆ ಅಕ್ಷರಗಳಿವೆ. ಮುಂಬೈ, ಪುಣೆಯ ಸುತ್ತಲಿನದು ‘ಎ’. ಅಲ್ಲಿಂದ ಬಿ, ಸಿ, ಡಿ ಎಂದು ಇಳಿಯುತ್ತ ‘ಡಿ ಪ್ಲಸ್’ಗೆ ಬಂದರೆ ತೀರಾ ಹಿಂದುಳಿದ ಜಾಗ ಎಂದರ್ಥ. ಕಾರ್ಖಾನೆ ಮುಂಬೈ, ಠಾಣೆ, ಪುಣೆ ಬಿಟ್ಟು ದೂರ ಹೋದಷ್ಟೂ ಸರ್ಕಾರ ಹೆಚ್ಚು ಸಬ್ಸಿಡಿ ಕೊಡುತ್ತದೆ. 1964ರಲ್ಲಿ ಶುರುವಾದ ಈ ಯೋಜನೆ ಹಲವು ಸಲ ರೂಪ ಬದಲಿಸಿಕೊಂಡು ಇಂದಿಗೂ ನಡೆದಿದೆ. ಪುಣೆಯ ಲೆಕ್ಕಪತ್ರದ ಆಫೀಸೊಂದರಲ್ಲಿ ಕೂತು ಅದರ ಕ್ಲೇಮುಗಳ ಕಾಗದ ಜೋಡಿಸುವುದು ನನ್ನ ಹೊಟ್ಟೆಪಾಡು. ಊರು ಕಲಬುರಗಿ ಜಿಲ್ಲೆಯ ಆಳಂದ ತಾಲೂಕು.

ಹೋದ ವರ್ಷ ಅಣ್ಣನ ಮಗ ಐಟಿಐ ಫಿಟ್ಟರ್ ಮುಗಿಸಿ ಫೋನ್ ಮಾಡಿದ. ‘ಕಾಕಾ, ಉಮರ್ಗಾದಾಗ ನೋಡ್ಲೋ, ಸೀದಾ ಪುಣಾಕ್ಕ ಬರ್ಲೋ?’

ಉಮರ್ಗಾ ನಮ್ಮ ಪಕ್ಕದ ತಾಲೂಕು, ಆದರೆ ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯದು. ಗಡಿಯ ಆ ಕಡೆ ಹಿಂದುಳಿದದ್ದು, ಈ ಕಡೆಯೂ ಹಿಂದುಳಿದದ್ದು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕರ್ನಾಟಕದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಹೇಳಿ, ಅದರಲ್ಲೂ 39 ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಆಳಂದ ಆ 39ರಲ್ಲಿ ಒಂದು. ಆಮೇಲೆ ಬಂದ 371ಜೆ ಕಲಂ ಕಾಲೇಜು ಸೀಟು, ಸರ್ಕಾರಿ ನೌಕರಿಯಲ್ಲಿ ನಮ್ಮ ಭಾಗಕ್ಕೆ ಮೀಸಲಾತಿ ಕೊಟ್ಟಿತು. ಅದು ದೊಡ್ಡದೇ. ಆದರೆ ಫಿಟ್ಟರನಿಗೆ ಬೇಕಾದದ್ದು ಕಾರ್ಖಾನೆ.

ಉಮರ್ಗಾದಲ್ಲಿ ಅವನಿಗೆ ಇನ್ನೊಂದು ತೊಡಕಿತ್ತು. ಸಬ್ಸಿಡಿ ಪಡೆಯುವ ಕಾರ್ಖಾನೆಯಲ್ಲಿ ಶೇ 80ರಷ್ಟು ಜನ ಸ್ಥಳೀಯರಿರಬೇಕು. ‘ಸ್ಥಳೀಯ’ ಅಂದರೆ ಆ ತಾಲೂಕಿನವನಲ್ಲ, ಮಹಾರಾಷ್ಟ್ರದ ವಾಸಿ. ಪುಣೆಯ ಹುಡುಗ ಉಮರ್ಗಾದಲ್ಲಿ ಸ್ಥಳೀಯ. ಬೈಕಿನಲ್ಲಿ ದಿನಾ ಹೋಗಿಬರಬಹುದಾದ ಆಳಂದದ ಹುಡುಗ ಹೊರಗಿನವ.

ಅದಕ್ಕಿಂತ ನನ್ನನ್ನು ಕಾಡುವುದು ದುಡ್ಡನ್ನು ಅಳೆಯುವ ರೀತಿ. ಎಷ್ಟು ಸಬ್ಸಿಡಿ ಸಿಗಬಹುದು ಎನ್ನುವ ಮಿತಿ ನಿಂತಿರುವುದು ಜಾಗ, ಕಟ್ಟಡ, ಯಂತ್ರಕ್ಕೆ ಹೂಡಿದ ಬಂಡವಾಳದ ಮೇಲೆ. ದುಬಾರಿ ಯಂತ್ರ ತಂದರೆ ಮಿತಿ ಏರುತ್ತದೆ, ಅದೇ ದುಡ್ಡಿನ ಸಂಬಳಕ್ಕೆ ಏರುವುದಿಲ್ಲ. ಫೈಲಿನಲ್ಲಿ ಕೋಟಿಗಳು ಓಡಾಡುತ್ತವೆ, ಗೇಟಿನಲ್ಲಿ ಮಾತ್ರ ಬೆರಳೆಣಿಕೆಯ ಜನ. ಬಂಡವಾಳ ಹಿಂದುಳಿದ ಕಡೆ ಹೋಯಿತು ಎಂದು ಬರೆಯಲು ಅಷ್ಟೇ ಸಾಕು.

ಸಮನಾಗಿ ಹಂಚುವ ಆಸೆ ಇನ್ನೂ ದೊಡ್ಡ ಪ್ರಮಾಣದಲ್ಲಿ ಅಡ್ಡದಾರಿ ಹಿಡಿದದ್ದೂ ಉಂಟು. 1950ರ ದಶಕದಿಂದ 1990ರ ದಶಕದ ಆರಂಭದವರೆಗೆ ಕೇಂದ್ರ ಸರ್ಕಾರ ಸರಕು ಸಾಗಣೆ ದರ ಸಮೀಕರಣ ಎಂಬ ನೀತಿ ಇಟ್ಟುಕೊಂಡಿತ್ತು. ಉಕ್ಕಿಗೆ ದೇಶದೆಲ್ಲೆಡೆ ಒಂದೇ ಬೆಲೆ. ಜಮ್ಶೆಡ್‌ಪುರದಲ್ಲಿ ಕರಗಿದ ಉಕ್ಕು ಅಲ್ಲಿ ಎಷ್ಟಕ್ಕೋ ಪುಣೆಯಲ್ಲೂ ಅಷ್ಟಕ್ಕೇ. ಎಲ್ಲ ಕಡೆ ಕೈಗಾರಿಕೆ ಬೆಳೆಯಲಿ ಎಂಬುದು ಉದ್ದೇಶ. ಆದದ್ದೇನು? ಅದಿರು, ಕಲ್ಲಿದ್ದಲು ಇದ್ದ ಬಿಹಾರ, ಒಡಿಶಾ, ಬಂಗಾಳಗಳಿಗೆ ಹತ್ತಿರವಿರುವುದರ ಲಾಭ ಹೋಯಿತು. ಬಂದರು, ಪೇಟೆ ಮೊದಲೇ ಇದ್ದ ಪಶ್ಚಿಮದ ನಗರಗಳಿಗೆ ಅಗ್ಗದ ಉಕ್ಕು ಸಿಕ್ಕಿತು. ಹತ್ತಿಗೆ ಇಂಥ ಸಮೀಕರಣ ಇರಲಿಲ್ಲ ಎಂಬುದು ಬಂಗಾಳದವರ ಹಳೆಯ ತಕರಾರು, ನ್ಯಾಯವಾದದ್ದೇ. ಪಿಂಪ್ರಿ, ಭೋಸರಿಯ ವರ್ಕ್‌ಶಾಪುಗಳು ಬೆಳೆದದ್ದು ಆ ದಶಕಗಳಲ್ಲೇ. ಜಾರ್ಖಂಡದ ಹುಡುಗರು ಈಗ ಕೆಲಸ ಹುಡುಕಿಕೊಂಡು ಬರುವುದೂ ಇಲ್ಲಿಗೇ.

ಅಣ್ಣನ ಮಗನೂ ಇಲ್ಲಿಗೇ ಬಂದ. ಸ್ಥಳೀಯರ ನಿಯಮ ಒಂದೇ ಕಾರಣವಲ್ಲ. ‘ಅಲ್ಲಿ ಒಂದು ಕಂಪನಿ ಬಿಟ್ರ ಮನೀಗೇ ಹೋಗ್ಬೇಕು ಕಾಕಾ, ಇಲ್ಲಿ ಬಾಜೂ ಗಲ್ಲಿಗೆ ಹೋದ್ರ ಸಾಕು’ ಅಂದ. ಇದನ್ನು ಅವನು ಎಲ್ಲಿಯೂ ಓದಿದ್ದಲ್ಲ. ಕಂಪನಿಯ ಮಾಲೀಕರೂ ನನ್ನೆದುರು ಬೇರೆ ಮಾತಿನಲ್ಲಿ ಇದನ್ನೇ ಹೇಳುತ್ತಾರೆ: ರಾತ್ರಿ ಬೇರಿಂಗ್ ಹೋದರೆ ಬೆಳಗ್ಗೆ ಸಿಗಬೇಕು, ಡೈ ತಿದ್ದುವವನು ಹತ್ತಿರವಿರಬೇಕು, ಸಬ್ಸಿಡಿ ಆಮೇಲೆ. ಈ ನೆರೆಹೊರೆ ಇಲ್ಲದ ಕಡೆ ಡಿ ಪ್ಲಸ್ ರಿಯಾಯಿತಿ ಒಂದೊಂದೇ ಕಾರ್ಖಾನೆಯನ್ನು ತಂದು ನಿಲ್ಲಿಸುತ್ತದೆ, ಅದು ಒಂಟಿಯಾಗಿ ಅವಧಿ ಮುಗಿಯುವುದನ್ನು ಕಾಯುತ್ತದೆ.

ಭೋಸರಿಯ ಅವನ ರೂಮಿನಲ್ಲಿ ಈಗ ನಾಲ್ವರಿದ್ದಾರೆ. ಇಬ್ಬರು ಆಳಂದದವರು, ಒಬ್ಬ ಅಫಜಲಪುರದವ. ಅರ್ಧ ಕನ್ನಡ ಅರ್ಧ ಮರಾಠಿ ಮಾತಾಡುತ್ತ ಎಲ್ಲರಿಗೂ ರೊಟ್ಟಿ ಬಡಿಯುವ ನಾಲ್ಕನೆಯವನು ಉಮರ್ಗಾದವನು.