ಆಕಾಶದಲ್ಲೂ ಕ್ಯೂ ತಪ್ಪಿದ್ದಲ್ಲ!

ಸಿನಿಮಾದ ಗಗನಸಖಿ ಬರೀ ನಗ್ತಾಳೆ, ಕ್ಯೂ ನಿಲ್ಲೋದಿಲ್ಲ! 2023ರಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರವಾಗಿ ಹಾರಿದೆ. ಬೋಯಿಂಗ್ 777, ಸುಮಾರು 14,000 ಕಿ.ಮೀ., 16 ಗಂಟೆಗೂ ಮೇಲೆ. ಸಿಬ್ಬಂದಿ ಮಲಗೋಕೆ ಚಾವಣಿಯ ಮೇಲೆ ಪುಟ್ಟ ಹಾಸಿಗೆಗಳುಂಟು. ಶೌಚಾಲಯ? ನಮ್ಮದೇ ಅವರದ್ದೂ!

ನಡುರಾತ್ರಿ ನನ್ನ ಹಿಂದೆ ಗಗನಸಖಿಯೊಬ್ಬರು ನಿಂತಿದ್ದರು. "ನೀವು ಮೊದಲು ಹೋಗಿ" ಅಂದೆ. "ಬೇಡ ಸಾರ್, ಪ್ಯಾಸೆಂಜರ್ ಮೊದಲು" ಅಂದ್ರು. (ಪೈಲಟ್ ಹೊರಬಂದರೆ ಮಾತ್ರ ಟ್ರಾಲಿ ಅಡ್ಡ ಇಟ್ಟು ದಾರಿ ಕಟ್ತಾರೆ, 2001ರ ಸೆಪ್ಟೆಂಬರ್ ದಾಳಿಯ ನಂತರದ ಕಾವಲು ಅದು.) ಅಷ್ಟರಲ್ಲಿ ಯಾರೋ ಕರೆಗಂಟೆ ಒತ್ತಿದರು. ಆಕೆ ಕ್ಯೂ ಬಿಟ್ಟು ಓಡಿದರು. ವಾಪಸು ಬಂದಾಗ ಮತ್ತೆ ನಾಲ್ವರ ಹಿಂದೆ! ಸರದಿ ಬಂದಾಗಲೂ ಮೊದಲು ಕೈಗವಸು ತೊಟ್ಟು, ನಾವು ಚೆಲ್ಲಿದ ನೀರು ಒರೆಸಿದರು. ಅಂಥವರಿಗೆ ದಾರಿ ಬಿಡೋಕೆ ನಮಗೇನು ಕಷ್ಟ ಸ್ವಾಮಿ?