ಕಡಲು ಕೈಮೀರಿದ್ದು, ಬಲೆ ಕೈಯೊಳಗಿನದು

ಮಕ್ಕಳಲ್ಲಿ ಕಲಿಯುವ ಉತ್ಸಾಹ ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆ ಅಧ್ಯಾಪಕನಾದವನನ್ನು ಸದಾ ಕಾಡುತ್ತದೆ. ನನಗೆ ಇದಕ್ಕೆ ತಕ್ಕಮಟ್ಟಿನ ಉತ್ತರ ದೊರೆತದ್ದು ಗ್ರಂಥಗಳಿಗಿಂತ ಹೆಚ್ಚಾಗಿ ಕಾರವಾರದ ಬೈತಖೋಲ ಬಂದರಿನಲ್ಲಿ.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಗಾಳಿ, ಮಳೆ, ಮೀನಿನ ಬರವು, ಸರಕಾರದ ನಿಯಮ ಇವಾವುವೂ ಮೀನುಗಾರನ ಅಧೀನವಲ್ಲ. ಆದರೂ ಅವನು ಕೈಕಟ್ಟಿ ಕೂಡುವುದಿಲ್ಲ. ಹರಿದ ಬಲೆಯನ್ನು ಬಿಡಿಸಿ, ಒಂದೊಂದೇ ಕಣ್ಣನ್ನು ಹೆಣೆಯುತ್ತಾನೆ. ಕಡಲು ತನ್ನದಲ್ಲ, ಬಲೆ ತನ್ನದು ಎಂಬ ವಿವೇಕವೇ ಅವನ ದುಡಿಮೆಯ ಬೇರು.

ಅಮೇರಿಕದ ಮನೋವಿಜ್ಞಾನಿ ಜೂಲಿಯನ್ ರಾಟರ್ 1966ರಲ್ಲಿ ಈ ವಿಷಯವನ್ನೇ ಶಾಸ್ತ್ರೀಯವಾಗಿ ವಿವೇಚಿಸಿದರು. ಕೆಲವರು ಫಲಾಫಲಗಳನ್ನು ಸ್ವಪ್ರಯತ್ನಕ್ಕೆ ಸೇರಿಸಿ ನೋಡಿದರೆ, ಕೆಲವರು ಅದೃಷ್ಟಕ್ಕೋ ಬಲ್ಲಿದರ ಇಚ್ಛೆಗೋ ಬಿಟ್ಟುಬಿಡುತ್ತಾರೆ. ಬುದ್ಧಿಯು ಹುಟ್ಟಿನಿಂದ ಬಂದ ಅಳತೆಯೆಂದು ನಂಬಿದವನು ಸೋಲಿಗೆ ಅಂಜುತ್ತಾನೆ, ಬೆಳೆಸಬಹುದಾದ ಶಕ್ತಿಯೆಂದು ನಂಬಿದವನು ಸೋಲಿನಿಂದ ಕಲಿಯುತ್ತಾನೆ ಎಂದು ಕ್ಯಾರಲ್ ಡ್ವೆಕ್ 2006ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ‘ಗಣಿತ ನಮ್ಮ ಮನೆತನಕ್ಕೇ ಹತ್ತುವುದಿಲ್ಲ’ ಎಂಬ ಮಾತನ್ನು ಪಾಲಕರ ಬಾಯಿಂದ ಕೇಳಿದ ಶಿಕ್ಷಕರಿಗೆ ಇದರ ಅರ್ಥ ಸುಲಭವಾಗಿ ಹೊಳೆದೀತು.

ಆದರೆ ‘ಎಲ್ಲವೂ ನಿನ್ನ ಕೈಯಲ್ಲೇ ಇದೆ’ ಎಂಬ ಉಪದೇಶವೂ ಅಷ್ಟೇ ಅಸತ್ಯ. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಅನೇಕ ಕುಟುಂಬಗಳು ತಮ್ಮ ನೆಲವನ್ನು ತೊರೆಯಬೇಕಾಯಿತು. 2005ರಲ್ಲಿ ಆ ನೆಲೆ ‘ಐ.ಎನ್.ಎಸ್. ಕದಂಬ’ವಾಗಿ ಕಾರ್ಯಾರಂಭ ಮಾಡಿತು. ಅಂಥ ಮನೆಯ ಮಗುವಿಗೆ ‘ನಿನ್ನ ಕಷ್ಟಕ್ಕೆ ನಿನ್ನ ಮನೋಭಾವವೇ ಕಾರಣ’ ಎನ್ನುವುದು ಕ್ರೌರ್ಯವಲ್ಲದೆ ಮತ್ತೇನು?

ಇನ್ನು ‘ನಾನು ಯಾರು’ ಎಂಬ ಅರಿವು. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನವರು ತಮ್ಮ ವಚನಗಳಿಗೆ ಇಷ್ಟದೈವದ ಹೆಸರನ್ನಲ್ಲ, ತಮ್ಮ ವೃತ್ತಿಯೊಡಗೂಡಿದ ಸ್ವಂತ ಹೆಸರನ್ನೇ ಅಂಕಿತವಾಗಿಸಿಕೊಂಡರು. ತನ್ನ ಕುಲಕಸುಬನ್ನು ಕುರಿತು ನಾಚುವ ಮಗು ತರಗತಿಯಲ್ಲಿ ಬಾಯಿ ತೆರೆಯದು. ದೋಣಿಯ ಮನೆಯಿಂದ ಬಂದವನು ಗಾಳಿಯ ದಿಕ್ಕನ್ನೂ ಭರತ ಇಳಿತಗಳನ್ನೂ ಬಲ್ಲನೆಂಬುದನ್ನು ಶಾಲೆ ಗೌರವಿಸಿದರೆ, ಅವನು ಭೂಗೋಲದ ಪಾಠವನ್ನು ತನ್ನದೆಂದೇ ತಿಳಿದಾನು.

ಆದ್ದರಿಂದ ಶಿಕ್ಷಕ ಬಾಂಧವರಲ್ಲಿ ನನ್ನ ಬಿನ್ನಹವಿಷ್ಟೇ: ‘ಜಾಣ’, ‘ದಡ್ಡ’ ಎಂಬ ಹಣೆಪಟ್ಟಿಗಳನ್ನು ಬಿಟ್ಟು, ಲೆಕ್ಕದ ಯಾವ ಹಂತದಲ್ಲಿ ಎಡವಿತೆಂಬುದನ್ನು ಮಗುವಿಗೆ ತೋರಿಸೋಣ. ಪುಸ್ತಕ, ಶುಲ್ಕ, ಊಟಗಳಿಗೆ ನೆರವಾಗುವ ದಾನಿಗಳು ಆ ಮಗುವಿನ ಕೈಗೆ ನಿಲುಕುವ ವಲಯವನ್ನು ಹಿಗ್ಗಿಸುತ್ತಾರೆ. ನೂಲೇ ಇಲ್ಲದವನಿಗೆ ಬಲೆ ಹೆಣೆಯೆಂದರೆ ಅವನಾದರೂ ಏನು ಮಾಡಿಯಾನು?